ಉಳಿದರ್ಧ ಬಾಟ್ಲಿ

ಚನ್ನಗಿರಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸರ್ವಮಂಗಳಮ್ಮನ ಖಾನಾವಳಿ ಇತ್ತು. ಬೋರ್ಡು ಗೀರ್ಡು ಇರಲಿಲ್ಲ. ಹೊತ್ತೇರುತ್ತಿದ್ದಂತೆ ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತಿತ್ತು, ಹಸಿದವರಿಗೆ ಅದೇ ಸಾಕಾಗಿತ್ತು. ಅಡಿಕೆ ಮಂಡಿಗೆ ಬಂದ ರೈತರು, ತಾಲೂಕು ಕಚೇರಿಯ ಗುಮಾಸ್ತರು, ಶಿವಮೊಗ್ಗದ ಬಸ್ಸು ತಪ್ಪಿಸಿಕೊಂಡವರು, ಎಲ್ಲರೂ ಅಲ್ಲೇ ಉಣ್ಣುತ್ತಿದ್ದರು. ಊಟ ಚೆನ್ನಾಗಿರುತ್ತಿತ್ತು, ಆದರೆ ಉಣ್ಣುವವರ ಎದೆಯಲ್ಲಿ ಸಣ್ಣದೊಂದು ಪುಕುಪುಕು ಇದ್ದೇ ಇರುತ್ತಿತ್ತು. ತಟ್ಟೆಯಲ್ಲಿ ತುತ್ತು ಬಿಟ್ಟು ಎದ್ದರೆ ಮಂಗಳಮ್ಮ ಸೌಟು ಹಿಡಿದುಕೊಂಡೇ ಬಂದು ನಿಲ್ಲುತ್ತಿದ್ದಳು.

"ಬ್ಯಾಡಾದ್ರೆ ಬಡಿಸೋವಾಗ್ಲೇ ಬಾಯಿ ಬಿಡಾಕೆ ಏನಾಗಿತ್ರಿ? ಬೆಳೆದೋನು ಹುಚ್ಚ, ಬೇಯಿಸಿದೋಳು ಹುಚ್ಚಿ, ನೀವೊಬ್ರೇ ಶಾಣ್ಯಾರು, ಅಲ್ವೇನ್ರಿ?"

ಒಮ್ಮೆ ಊರಿಗೆ ಹೊಸದಾಗಿ ಬಂದ ಅಮಲ್ದಾರರಿಗೂ ಈ ಮಂಗಳಾರತಿ ಆಯಿತಂತೆ. ಪಾಪ, ಆ ಮನುಷ್ಯ ಮತ್ತೆ ಕೂತು ಬದನೆಕಾಯಿ ಪಲ್ಯ ಮುಗಿಸಿಯೇ ಎದ್ದರಂತೆ.

ಊರಿಗೊಂದು ಬುದ್ಧಿ ಹೇಳಿ ತಾನೊಂದು ಮಾಡುವವಳಲ್ಲ ಅವಳು. ಸಾಸ್ವೆಹಳ್ಳಿಯ ಲಿಂಗವಂತರ ಮನೆಯಲ್ಲಿ ಹುಟ್ಟಿದವಳು. ಉಂಡಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ಆ ನೀರನ್ನೂ ಕುಡಿದೇ ಏಳಬೇಕು ಎಂದು ಅವ್ವ ಕಲಿಸಿದ್ದಳು. ಲಿಂಗಕ್ಕೆ ತೋರಿಸಿ ಉಂಡದ್ದು ಪ್ರಸಾದ, ಪ್ರಸಾದ ಬಚ್ಚಲಿಗೆ ಹೋಗಬಾರದು. ಗಂಡ ವಿರೂಪಾಕ್ಷಪ್ಪನದೂ ಅದೇ ಪದ್ಧತಿ. ತನ್ನ ತಟ್ಟೆಯಲ್ಲಿ ಉಳಿದದ್ದು ಪ್ರಸಾದ, ಇನ್ನೊಬ್ಬರ ತಟ್ಟೆಯಲ್ಲಿ ಉಳಿದದ್ದು ಎಂಜಲು. ಈ ಎರಡು ಮಾತಿನ ನಡುವೆ ಮಂಗಳಮ್ಮನ ಬದುಕು ನೆಟ್ಟಗೆ ನಡೆದುಕೊಂಡು ಹೋಗುತ್ತಿತ್ತು. ಕೊನೆಗೆ ಅವಳನ್ನು ಹಾಳು ಮಾಡಿದ್ದೂ ಈ ಎರಡು ಮಾತೇ.

ಖಾನಾವಳಿಯ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕಲು ಹೊನ್ನಾಳಿಯಿಂದ ಜಮಾಲ್ ಸಾಬ್ ಬರುತ್ತಿದ್ದ. ಹಿತ್ತಲಲ್ಲಿ ತಿದಿ ಹೂಡಿ, ಪಾತ್ರೆ ಕಾಯಿಸಿ, ನವಸಾಗರ ಎರಚಿ, ತವರ ಸವರಿದನೆಂದರೆ ಒಳಗೆಲ್ಲ ಬೆಳ್ಳಿಯ ಹಾಗೆ ಫಳಫಳ. ಅವನ ಕೈಯಲ್ಲಿ ಹೊಳೆದ ಪಾತ್ರೆಯಲ್ಲೇ ಅವಳ ಅಡಿಗೆ. ಅವನಿಗೆ ಊಟ ಮಾತ್ರ ಹಿತ್ತಲ ಕಟ್ಟೆಯ ಮೇಲೆ, ಮುತ್ತುಗದ ಎಲೆಯಲ್ಲಿ. ಬೆಂಕಿ ಕಂಡ ಪಾತ್ರೆಗೆ ಮೈಲಿಗೆಯಿಲ್ಲ, ಪಾತ್ರೆಗೆ ಬೆಂಕಿ ಕಾಣಿಸಿದವನಿಗೆ ಉಂಟು! ಅಂದಿನ ಶಾಸ್ತ್ರವೇ ಹಾಗಿತ್ತು, ಜಮಾಲನೂ ಅದನ್ನು ಮನಸ್ಸಿಗೆ ಹಚ್ಚಿಕೊಂಡವನಲ್ಲ.

ವಿರೂಪಾಕ್ಷಪ್ಪ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವನು. ಬಾಯಿ ತುಂಬ ಎಲೆ, ಅಡಿಕೆ, ಹೊಗೆಸೊಪ್ಪು ತುಂಬಿಕೊಂಡು ಗಿರಾಕಿಗಳೊಡನೆ ಸನ್ನೆಯಲ್ಲೇ ತಮಾಷೆ ಮಾಡುವ ಮನುಷ್ಯ. ಎಂಬತ್ತನೇ ಇಸವಿಯ ಬೇಸಿಗೆಯಲ್ಲಿ ಅವನ ಎಡಗೆನ್ನೆಯೊಳಗೆ ಒಂದು ಹುಣ್ಣು ಎದ್ದಿತು. ಉಷ್ಣ ಎಂದು ಗಸಗಸೆ ಹಚ್ಚಿದರು, ಮಜ್ಜಿಗೆ ಕುಡಿಸಿದರು. ಹುಣ್ಣು ಮಾಯಲಿಲ್ಲ, ಗಂಟಾಯಿತು. ಕ್ಯಾನ್ಸರ್ ಎಂದು ಗೊತ್ತಾಗಿ ಬೆಂಗಳೂರಿಗೆ ಹೋಗಿ ಕರೆಂಟು ಕೊಡಿಸಿಕೊಂಡು ಬಂದರು. ಕೆನ್ನೆ ಕಪ್ಪಿಟ್ಟಿತು, ಗಂಟು ಅರ್ಧ ಕರಗಿ ಅಲ್ಲೇ ನಿಂತಿತು. ಮುಂದೆ ವಾರಕ್ಕೊಂದು ಇಂಜೆಕ್ಷನ್ ಬೇಕು, ಅದನ್ನು ದಾವಣಗೆರೆಯಲ್ಲೇ ಕೊಡಿಸಬಹುದು ಎಂದು ಅಲ್ಲಿಯವರು ಚೀಟಿ ಬರೆದುಕೊಟ್ಟರು.

ದಾವಣಗೆರೆಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಆ ಇಂಜೆಕ್ಷನ್ ಶುರುವಾಯಿತು. ಔಷಧಿಯನ್ನು ಹೊರಗಿನ ಅಂಗಡಿಯಲ್ಲಿ ಇವರೇ ಕೊಂಡು ತರಬೇಕು. ಹೆಬ್ಬೆರಳಿನಷ್ಟು ಬಾಟ್ಲಿ, ಒಳಗೆ ಅರಿಸಿನ ಕದಡಿದಂಥ ಹಳದಿ ನೀರು. ಬೆಲೆ ಕೇಳಿದರೆ ಎದೆ ಒಡೆಯುವಂಥದ್ದು. ವಿರೂಪಾಕ್ಷಪ್ಪನಿಗೆ ಒಂದೂವರೆ ಬಾಟ್ಲಿ ಸಾಕು. ಆದರೆ ಅಂಗಡಿಯಲ್ಲಿ ಅರ್ಧ ಬಾಟ್ಲಿ ಯಾರು ಕೊಡುತ್ತಾರೆ? ಮೊದಲ ಸಲ ನರ್ಸು ಕಸ್ತೂರಮ್ಮ ಎರಡನೆಯ ಬಾಟ್ಲಿಯಿಂದ ಅರ್ಧ ಎಳೆದುಕೊಂಡು ಉಳಿದರ್ಧವನ್ನು ಬಕೆಟ್ಟಿಗೆ ಎಸೆದಾಗ ಮಂಗಳಮ್ಮ ಬಕೆಟ್ಟಿನ ಮೇಲೆ ಬಗ್ಗಿದಳು.

"ಅಯ್ಯೋ ನಿಮ್ಮ! ಅರ್ಧ ಐತಲ್ಲ್ರೀ ಅದ್ರಾಗೆ!"

ಡಾಕ್ಟರು ಒಳ್ಳೆಯವರೇ. ಅವರಿಗೂ ಈ ಪೋಲು ಕಂಡು ಬೇಜಾರಿತ್ತು. "ತೆರೆದ ಬಾಟ್ಲಿ ಅವತ್ತೇ ಮುಗೀಬೇಕಮ್ಮ, ಇಟ್ಟು ಬಳಸೋ ಹಾಗಿಲ್ಲ. ಒಂದು ದಾರಿ ಇದೆ. ಹೊನ್ನಾಳಿಯ ಸಾಬರ ಹೆಣ್ಣುಮಗಳೊಬ್ಬರಿಗೂ ಇದೇ ಔಷಧಿ, ಇಷ್ಟೇ ಅಳತೆ. ಅವರು ಸೋಮವಾರ ಬರ್ತಾರೆ. ನೀವೂ ಸೋಮವಾರವೇ ಬಂದರೆ ಮೂರು ಬಾಟ್ಲಿಯಲ್ಲಿ ಇಬ್ಬರಿಗೂ ಆಗುತ್ತೆ. ಇಬ್ಬರಿಗೂ ಉಳಿತಾಯ" ಎಂದರು.

ಮಂಗಳಮ್ಮ ಗಂಡನ ಮುಖ ನೋಡಿದಳು. ಅವನು ಸುಸ್ತಾಗಿ ಗೋಡೆಗೆ ಒರಗಿದ್ದ.

"ಸೋಮವಾರ ಆಗಾಕಿಲ್ರಿ ಡಾಕ್ಟ್ರೆ. ಸ್ವಾಮಿ ವಾರ, ಪೂಜೆ ಪುನಸ್ಕಾರ ಇರ್ತೈತೆ" ಎಂದಳು.

ಹೊರಗೆ ಬಂದ ಮೇಲೆ ವಿರೂಪಾಕ್ಷಪ್ಪ ಒಂದು ಪಕ್ಕದ ಬಾಯಲ್ಲೇ ಕೇಳಿದ, "ಏನೇ, ನಾನು ಯಾವ ಸೋಮವಾರ ಎಷ್ಟು ಪೂಜೆ ಮಾಡೀನಿ?"

"ಸುಮ್ನಿರ್ರಿ. ಒಬ್ರಿಗೆ ಚುಚ್ಚಿ ಉಳಿದದ್ದು ಎಂಜಲಲ್ದೆ ಮತ್ತೇನು? ಅದೂ ಎಂಥೋರದ್ದೋ ಏನೋ. ನಿಮ್ಮ ಕೊರಳಾಗೆ ಲಿಂಗ ಐತೆ, ನೆನಪಿರ್ಲಿ."

"ಔಷಧಿಗೆಂಥ ಎಂಜಲೇ ಮಂಗಳಿ?" ಎಂದು ಅವನು ನಗಲು ಹೋದ. ಕೆನ್ನೆ ಎಳೆದು ನಗು ಅರ್ಧಕ್ಕೇ ನಿಂತಿತು. ಮತ್ತೆ ಅವನು ಆ ಮಾತು ಎತ್ತಲಿಲ್ಲ. ಇಂಜೆಕ್ಷನ್ನಿಗೆ ಗುರುವಾರ ಎಂದು ಗೊತ್ತು ಮಾಡಿದರು.

ಮುಂದಿನ ಗುರುವಾರ ಅವಳು ಬಕೆಟ್ಟಿಗೆ ಅಡ್ಡ ನಿಂತಳು. ನಮ್ಮ ಬೆವರಿನ ದುಡ್ಡಿನದು, ಕೊಡ್ರಿ, ಮುಂದಿನ ವಾರಕ್ಕೆ ತರ್ತೀನಿ ಎಂದು ಅಂಗಲಾಚಿದಳು. ಕಸ್ತೂರಮ್ಮನ ಮನಸ್ಸು ಕರಗಿತು. ಒಂದು ಹತ್ತಿಯಲ್ಲಿ ಸುತ್ತಿ ಬಾಟ್ಲಿಯನ್ನು ಅವಳ ಕೈಗಿಟ್ಟಳು. ಮಂಗಳಮ್ಮ ಅದನ್ನು ಮನೆಗೆ ತಂದು ನೀರಿನ ಗುಡಾಣದ ಪಕ್ಕ ತಂಪಿನಲ್ಲಿಟ್ಟು ಮಗುವಿನ ಹಾಗೆ ಕಾದಳು. ವಾರ ಕಳೆದು ತಂದರೆ ಡಾಕ್ಟರು ನೋಡಿದ್ದೇ ತಡ, "ಇದನ್ನು ಸೂಜಿಯಲ್ಲಿ ಕೊಡೋಕಾಗಲ್ಲ ತಾಯಿ" ಎಂದು ಪಕ್ಕಕ್ಕೆ ಸರಿಸಿದರು. ಆಚೆ ಇನ್ನೊಬ್ಬ ರೋಗಿ ಕೂಗುತ್ತಿದ್ದ. ಯಾಕೆ ಕೊಡಬಾರದು, ಅದರೊಳಗೆ ಏನಿದೆ ಎಂದು ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ. ಸರಿಸಿದ ಬಾಟ್ಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಹೊರಟಳು.

ಬಸ್ಸಿನಲ್ಲಿ ಸೂಳೆಕೆರೆ ಕಡೆಯ ಮೀನಿನ ಬುಟ್ಟಿಗಳು. ಮೂಗಿಗೆ ಸೆರಗು ಹಿಡಿದು ಕೂತವಳಿಗೆ ಒಂದು ಯೋಚನೆ ಹೊಳೆಯಿತು. ಸೂಜಿಗೆ ಆಗುವುದಿಲ್ಲ ಎಂದರು, ಸರಿ. ಹೊಟ್ಟೆಗೆ ಆಗುವುದಿಲ್ಲ ಎಂದರೇ? ಇಲ್ಲ. ನರದಲ್ಲಿ ಹೋದರೂ ಮೈಗೇ, ಬಾಯಲ್ಲಿ ಹೋದರೂ ಮೈಗೇ. ಅವಳ ಪ್ರಕಾರ ಅದು ಗಂಡನ ತಟ್ಟೆಯಲ್ಲಿ ಉಳಿದ ಅವನದೇ ಪಾಲು.

ಮನೆಗೆ ಬಂದು ಚಾಕುವಿನ ಮೊನೆಯಿಂದ ಮುಚ್ಚಳ ಎಬ್ಬಿಸಿದಳು. ಹಳದಿ ನೀರನ್ನು ಬೆಳ್ಳಿ ಬಟ್ಟಲಿಗೆ ಬಗ್ಗಿಸಿ, ಬಾಟ್ಲಿಯನ್ನು ತೊಳೆದು ಆ ನೀರನ್ನೂ ಸೇರಿಸಿದಳು. ಬೆಳಿಗ್ಗೆ ಲಿಂಗಪೂಜೆ ಆದ ಮೇಲೆ ಗಂಡನ ಅಂಗೈಗೆ ಒಂದು ಉದ್ಧರಣೆ ಹಾಕಿದಳು, ತೀರ್ಥದ ಹಾಗೆ. ಮರುದಿನವೂ ಹಾಕಿದಳು. ವಾರವೆಲ್ಲ ಅದೇ ನಡೆಯಿತು. ಅಷ್ಟರಲ್ಲಿ ಮುಂದಿನ ಗುರುವಾರದ ಅರ್ಧ ಬಾಟ್ಲಿ ಬರುತ್ತಿತ್ತು, ಕಸ್ತೂರಮ್ಮ ಈಗ ಕೇಳದೆಯೇ ಕೊಡುತ್ತಿದ್ದಳು.

"ಸೂಜಿ ಇಲ್ದ ಔಷಧಿ ಚಲೋ ಐತೆ ನೋಡು" ಎಂದು ವಿರೂಪಾಕ್ಷಪ್ಪ ಕಣ್ಣಿಗೊತ್ತಿಕೊಂಡು ಕುಡಿಯುತ್ತಿದ್ದ.

ಮೊದಮೊದಲು ಗಂಟು ಇಳಿಯಿತು. ಮೆತ್ತಗೆ ಕಿವುಚಿದ ಅನ್ನ ಉಂಡ. ಮಂಗಳಮ್ಮನಿಗೆ ಹಿಗ್ಗೋ ಹಿಗ್ಗು, ಇಂಜೆಕ್ಷನ್ನಿಗಿಂತ ತನ್ನ ಉದ್ಧರಣೆಯ ಮೇಲೇ ನಂಬಿಕೆ. ಆಮೇಲೆ ಒಂದು ದಿನ ಅವನ ಬಾಯೊಳಗೆಲ್ಲ ಬೊಬ್ಬೆ ಎದ್ದವು. ನಾಲಿಗೆ, ಗಂಟಲು ಹಣ್ಣಾಯಿತು. ಭೇದಿ ಹತ್ತಿತು. ಮೈಮೇಲೆ ಪೆಟ್ಟು ಬಿದ್ದವರ ಹಾಗೆ ನೀಲಿ ಕಲೆಗಳು ಕಾಣಿಸಿಕೊಂಡವು, ಮೂಗಿನಿಂದ ರಕ್ತ ಸೋರಿತು, ಜ್ವರ ಬಿಡಲಿಲ್ಲ. ಬಾಡಿಗೆ ಕಾರಿನಲ್ಲಿ ದಾವಣಗೆರೆಗೆ ಒಯ್ದರು. ಡಾಕ್ಟರು ರಕ್ತ ಪರೀಕ್ಷೆಯ ಚೀಟಿ ನೋಡಿ ತಲೆ ಕೆರೆದುಕೊಂಡರು. ಕೊಟ್ಟ ಅಳತೆಗೆ ಇಷ್ಟು ಆಗಬಾರದಿತ್ತು.

"ಬೇರೆ ಏನಾದ್ರೂ ಔಷಧಿ ಕೊಟ್ರೇನಮ್ಮ? ನಾಟಿ ಔಷಧಿ, ಕಷಾಯ, ಏನಾದ್ರೂ?"

"ಇಲ್ರಿ ಡಾಕ್ಟ್ರೆ, ಲಿಂಗದಾಣೆ. ನೀವು ಕೊಟ್ಟಿದ್ದು ಬಿಟ್ರೆ ಬೇರೆ ಏನೂ ಕೊಟ್ಟಿಲ್ರಿ."

ಅವಳು ಸುಳ್ಳು ಹೇಳಲಿಲ್ಲ, ಅದೇ ದೊಡ್ಡ ದುರಂತ. ಆಸ್ಪತ್ರೆಯ ಗದ್ದಲದಲ್ಲೂ ಗಂಡನ ಪ್ರಾಣ ಉಳಿಯಲಿ ಎಂದು ಚೀಲದಲ್ಲಿ ಬೆಳ್ಳಿ ಬಟ್ಟಲು ತಂದಿದ್ದಳು. ಹುಣ್ಣಾದ ತುಟಿಗೆ ಕೊನೆಯ ಉದ್ಧರಣೆ ಹನಿಸಿದವಳೂ ಅವಳೇ. ವಿರೂಪಾಕ್ಷಪ್ಪ ನಾಲ್ಕಾರು ದಿನದಲ್ಲಿ ಹೋದ. ಹೊಲದಲ್ಲಿ ಕೂರಿಸಿ ಮಣ್ಣು ಮಾಡಿದರು. ರೋಗ ದೊಡ್ಡದು, ಆಯಸ್ಸು ಅಷ್ಟೇ ಎಂದು ಊರು ಸಮಾಧಾನ ಹೇಳಿತು. ಅವಳೂ ಹಾಗೇ ತಿಳಿದು, ಮತ್ತೆ ಒಲೆ ಹೊತ್ತಿಸಿದಳು.

ವರ್ಷ ಕಳೆಯಿತು. ಅಷ್ಟು ದಿನ ಬರದೇ ಇದ್ದ ಜಮಾಲ್ ಸಾಬ್ ಒಂದು ದಿನ ತಿದಿ ಹೊತ್ತು ಬಂದ. ಅರ್ಧಕ್ಕರ್ಧ ಇಳಿದು ಹೋಗಿದ್ದ. ಗಲ್ಲಾಪೆಟ್ಟಿಗೆಯ ಮುಂದಿನ ಜಾಗ ಖಾಲಿ ಇದ್ದುದನ್ನು ನೋಡಿ, ವಿಷಯ ಕೇಳಿ ಕಣ್ಣೊರೆಸಿಕೊಂಡ. ಆಮೇಲೆ ತನ್ನ ಕಥೆ ಬಿಚ್ಚಿದ. ಹೆಂಡತಿ ಚಮನಬಿಗೂ ನಾಲಿಗೆಯಲ್ಲಿ ಅದೇ ರೋಗವಂತೆ, ದಾವಣಗೆರೆಯಲ್ಲೇ ಇಂಜೆಕ್ಷನ್ನಂತೆ.

"ವಾರ ವಾರ ಹೋಗಾಕೆ ಎಲ್ಲಿಂದ ತರ್ಲಿ ಅಮ್ಮಾ? ಒಂದು ವಾರ ಹೋದ್ರೆ ಒಂದು ವಾರ ಬಿಡ್ತೀನಿ. ಮೊದ್ಲಿಗೆ ಡಾಕ್ಟ್ರು, ಇನ್ನೊಬ್ರು ಅದಾರೆ, ಜೊತೆಗೆ ಬಂದ್ರೆ ಅಗ್ಗ ಆಗ್ತೈತೆ ಅಂದಿದ್ರು. ಯಾರೋ ಚನ್ನಗಿರಿ ಕಡೆಯೋರಂತೆ. ಒಲ್ಲೆ ಅಂದ್ರಂತೆ. ಬಿಡು, ಅವ್ರಿಗೇನು ಕಷ್ಟವಿತ್ತೋ."

ಮಂಗಳಮ್ಮನ ಕೈಯಲ್ಲಿದ್ದ ತಂಬಿಗೆ ಅಲ್ಲೇ ನಿಂತಿತು. ನಾನೇ ಎನ್ನಲು ಬಾಯಿ ಬರಲಿಲ್ಲ. ನಾಚಿಕೆಗೆ ಏನಾದರೂ ಉಪಕಾರ ಮಾಡಬೇಕೆನ್ನಿಸಿತು.

"ಉಳಿದರ್ಧ ಏನ್ ಮಾಡ್ತಾರೆ?"

"ಬಕೆಟ್ಟಿಗೆ ಹಾಕ್ತಾರೆ."

"ಹಾಕಾಕೆ ಬಿಡಬ್ಯಾಡ. ಕಸ್ತೂರಮ್ಮನ್ನ ಕೇಳಿ ಮನೆಗೆ ಒಯ್ಯಿ. ನೀರು ಸೇರಿಸಿ ದಿನಾ ಬೆಳಿಗ್ಗೆ ಒಂದು ಚಮಚ ಕುಡ್ಸು. ನಮ್ಮನೆಯೋರಿಗೆ ಹಂಗೇ ಮಾಡಿದ್ದೆ, ಮೊದ್ಲು ಎಷ್ಟು ಗುಣ ಕಂಡಿತ್ತು ಗೊತ್ತಾ!"

ಜಮಾಲ್ ಅವಳಿಗೆ ಕೈ ಮುಗಿದು ಹೋದ.

ಮುಂದಿನ ವಾರ ಅವನು ಕೆಲಸವಿಲ್ಲದೆಯೂ ಖಾನಾವಳಿಗೆ ಬಂದ. ಹಿತ್ತಲ ಬಾಗಿಲಲ್ಲಿ ನಿಂತು, ಅವಳಿಗೆ ಒಳ್ಳೆಯದು ಮಾಡುವವನಂತೆ ತಗ್ಗಿದ ದನಿಯಲ್ಲಿ ಹೇಳಿದ.

"ಅಮ್ಮಾ, ಇನ್ಯಾರಿಗೂ ಅದನ್ನ ಹೇಳಬ್ಯಾಡ್ರಿ. ನಾನು ಬಾಟ್ಲಿ ಕೇಳಿದೆ. ಯಾಕೆ ಅಂದ್ರು. ದಿನಾ ಕುಡ್ಸಾಕೆ, ಚನ್ನಗಿರಿ ಖಾನಾವಳಿ ಅಮ್ಮ ಹೇಳಿದ್ರು ಅಂದೆ. ನರ್ಸಮ್ಮನ ಮುಖ ಬಿಳುಚಿಕೊಂತು. ಅದು ವಿಷದಂಥ ಔಷಧಿಯಂತೆ, ವಾರಕ್ಕೊಂದು ಸಲ ಅಳೆದು ಕೊಟ್ರೆ ಮಾತ್ರ ಔಷಧಿ. ದಿನಾ ಒಂದು ಹನಿ ಹೋದ್ರೂ ಒಳಗಿಂದ್ಲೇ ತಿಂದು ಬಿಡ್ತೈತಂತೆ. ಬಾಯೆಲ್ಲ ಹಣ್ಣಾಗಿ, ಭೇದಿ ಆಗಿ, ಮೂಗಿನಾಗೆ ರಕ್ತ ಬಂದು... ಅಲ್ಲಾ ಕಾಪಾಡ್ದ. ಕೇಳ್ದೆ ಒಯ್ದಿದ್ರೆ ನನ್ನ ಕೈಯಾರೆ ಚಮನಬೀನ ಕೊಲ್ತಿದ್ದೆ."

ಹೇಳಿ ಮುಗಿಸುವ ಹೊತ್ತಿಗೆ ಅವನಿಗೇ ಏನೋ ಹೊಳೆದಿರಬೇಕು. ಅವಳ ಮುಖ ನೋಡಿದವನೇ ಹೊರಟು ಹೋದ.

ಆ ದಿನ ಒಲೆಯ ಮೇಲಿನ ಸಾರು ಸೀದು ಕರಕಾಯಿತು. ಮಂಗಳಮ್ಮ ದೇವರ ಗೂಡಿನಿಂದ ಬೆಳ್ಳಿ ಬಟ್ಟಲು ತೆಗೆದು ನೋಡಿದಳು, ತಳದಲ್ಲಿ ಹಳದಿ ಏನೂ ಉಳಿದಿರಲಿಲ್ಲ. ಅಷ್ಟು ಚೆನ್ನಾಗಿ ತೊಳೆದು ಕುಡಿಸಿದ್ದಳು. "ಬೇರೆ ಏನೂ ಕೊಟ್ಟಿಲ್ರಿ" ಎಂದ ತನ್ನದೇ ದನಿ ಕಿವಿಯಲ್ಲಿ ಕೊರೆಯಿತು. ಅವಳಿಗೆ ಭಯವಾಯಿತು. ತನ್ನ ಮೇಲೆ ಹೇಸಿಗೆಯಾಯಿತು. ಹೇಗೂ ಯಾರಿಗೂ ಗೊತ್ತಿಲ್ಲವಲ್ಲ ಎಂಬ ಸಮಾಧಾನವೂ ಬಂತು, ಆ ಸಮಾಧಾನ ಬಂದದ್ದಕ್ಕೆ ಮತ್ತಷ್ಟು ಹೇಸಿಗೆಯಾಯಿತು. ಅಂದು ಮಂಕಾಗಿ ಎರಡು ತುತ್ತು ಉಂಡು, ರೂಢಿಯಂತೆ ತಟ್ಟೆಗೆ ನೀರು ಹಾಕಿದಳು. ಕುಡಿಯಲು ಆಗಲಿಲ್ಲ. ಮದುವೆಯಾಗಿ ಬಂದ ಮೇಲೆ ಮೊದಲ ಸಲ ಆ ನೀರು ಬಚ್ಚಲಿಗೆ ಹೋಯಿತು.

ಮುಂದಿನ ಸೋಮವಾರ ಖಾನಾವಳಿಗೆ ಬೀಗ ಹಾಕಿ ದಾವಣಗೆರೆಗೆ ಹೋದಳು. ನಿಜವೇ ಎಂದು ಕಸ್ತೂರಮ್ಮನ ಬಾಯಿಂದಲೇ ಕೇಳಬೇಕಿತ್ತು. ಕಸ್ತೂರಮ್ಮ ಅವಳನ್ನು ಕಂಡವಳೇ ಮೂಲೆಗೆ ಕರೆದೊಯ್ದು ಕೈ ಹಿಡಿದುಕೊಂಡಳು. "ನಾನೇ ಕೊಟ್ಟಿದ್ದು ಮಂಗಳಮ್ಮಾರೆ. ಕುಡಿಸ್ತೀರಿ ಅಂತ ಕನಸಲ್ಲೂ ಅಂದ್ಕಂಡಿರಲಿಲ್ಲ" ಎಂದು ಅತ್ತಳು. ಕೇಳುವುದಕ್ಕೆ ಇನ್ನೇನೂ ಉಳಿಯಲಿಲ್ಲ.

ಹೊರಗಿನ ಬೆಂಚಿನ ಮೇಲೆ ಚಮನಬಿ ಮುದುಡಿ ಕೂತಿದ್ದಳು, ಪಕ್ಕದಲ್ಲಿ ಜಮಾಲ್. ಇನ್ನೊಂದು ತುದಿಯಲ್ಲಿ ಜಗಳೂರಿನ ಓಬಣ್ಣ ಎಂಬ ಹೊಸ ರೋಗಿ ಮತ್ತವನ ಹೆಂಡತಿ ಅಜ್ಜಮ್ಮ. ಅವನಿಗೂ ಅದೇ ಹಳದಿ ಔಷಧಿ, ಒಂದೂವರೆ ಬಾಟ್ಲಿ. ಡಾಕ್ಟರು ಹೊರಗೆ ಬಂದು ಅದೇ ಹಳೆಯ ಮಾತು ಹೇಳಿದರು. ಮೂರು ಬಾಟ್ಲಿ ತಂದರೆ ಇಬ್ಬರಿಗೂ ಆಗುತ್ತದೆ. ಜಮಾಲನ ಮುಖ ಅರಳಿತು. ಅಜ್ಜಮ್ಮ ಮಾತ್ರ ಸೆರಗು ಬಿಗಿದಳು.

"ಬ್ಯಾಡ್ರಿ ಡಾಕ್ಟ್ರೆ. ಅವ್ರಿಗೆ ಚುಚ್ಚಿ ಉಳಿದ ಎಂಜಲು ನಮ್ಗೆ ಬ್ಯಾಡ. ನಮ್ದು ನಮ್ಗೇ ಇರ್ಲಿ."

ಡಾಕ್ಟರು ಭುಜ ಹಾರಿಸಿ ಒಳಗೆ ಹೋದರು. ಜಮಾಲ್ ತಲೆ ತಗ್ಗಿಸಿದ. ಮಂಗಳಮ್ಮನಿಗೆ ತನ್ನದೇ ದನಿ ಇನ್ನೊಬ್ಬಳ ಬಾಯಿಂದ ಬಂದಂತಾಯಿತು. ಬಸ್ಸು ಹಿಡಿದು ಮನೆಗೆ ಹೋಗಿಬಿಡಬಹುದಿತ್ತು. ಹೋಗಲಿಲ್ಲ.

"ತಂಗೀ, ನಾನು ಖಾನಾವಳಿ ಇಟ್ಟೋಳು" ಎಂದಳು. "ಎಂಜಲು ಅಂದ್ರೇನು ಅಂತ ನನಗೆ ಯಾರೂ ಹೇಳ್ಕೊಡೋದು ಬ್ಯಾಡ. ತಟ್ಟೆಯಾಗೆ ಉಳಿದದ್ದು ಎಂಜಲು. ಪಾತ್ರೆಯಾಗೆ ಇರೋದು ಯಾರ ಎಂಜಲೂ ಅಲ್ಲ. ನರ್ಸಮ್ಮ, ಇಬ್ರ ಸಿರಿಂಜಿಗೂ ಮೊದ್ಲೇ ತುಂಬಿಕೊಂಡು, ಆಮೇಲೆ ಚುಚ್ಚಾಕೆ ಬರ್ತೈತೇನ್ರಿ?"

"ನಾವು ಮಾಡೋದೇ ಹಂಗೆ. ಕುದಿಸಿದ ಸೂಜಿ, ಬೇರೆ ಬೇರೆ ಸಿರಿಂಜು" ಎಂದಳು ಕಸ್ತೂರಮ್ಮ.

"ನೋಡಿದ್ಯಾ? ಇನ್ನೂ ಯಾರೂ ಉಂಡಿಲ್ಲ, ಬಡಿಸ್ತಾ ಅದಾರೆ ಅಷ್ಟೇ."

ಅಜ್ಜಮ್ಮ ಜಗ್ಗಲಿಲ್ಲ. "ನಿಮ್ಗೇನಮ್ಮ, ಹೇಳ್ತೀರಿ. ನಿಮ್ಮ ಗಂಡಂಗೆ ಬಂದಿದ್ರೆ ಗೊತ್ತಾಗ್ತಿತ್ತು."

ಮಂಗಳಮ್ಮ ಜಮಾಲನ ಕಡೆ ನೋಡಲಿಲ್ಲ, ನೋಡಿದ್ದರೆ ಬಾಯಿ ಕಟ್ಟಿಹೋಗುತ್ತಿತ್ತು. ಗೋಡೆ ನೋಡಿಕೊಂಡು ಹೇಳಿದಳು.

"ಬಂದಿತ್ತು. ಇದೇ ಬೆಂಚಿನ ಮ್ಯಾಲೆ ಕೂತಿದ್ವಿ. ಈ ಚಮನಬಿ ಜೊತೆ ಹಂಚ್ಕೋರಿ ಅಂದ್ರು ಡಾಕ್ಟ್ರು. ಒಲ್ಲೆ ಅಂದ ಚನ್ನಗಿರಿಯೋಳು ನಾನೇ. ಎಂಜಲು ಅಂದೆ. ಹಂಚ್ಕಂಡಿದ್ರೆ ಔಷಧಿ ಉಳೀತಿರ್ಲಿಲ್ಲ. ಉಳೀತು, ಚೆಲ್ಲಾಕೆ ಮನಸ್ಸು ಬರ್ಲಿಲ್ಲ, ಮನೆಗೆ ಒಯ್ದು ದಿನಾ ಕುಡ್ಸಿದೆ. ನನ್ನ ಗಂಡನ್ನ ರೋಗ ಕೊಲ್ಲಲಿಲ್ಲ ತಂಗೀ. ನಾನು ಕೊಂದೆ."

ಓಬಣ್ಣ ಮೆಲ್ಲಗೆ ಹೆಂಡತಿಗೆ, "ಏಳು, ಮೂರು ಬಾಟ್ಲಿ ತಗೊಂಬಾ" ಎಂದ. ಜಮಾಲ್ ಚಮನಬಿಯ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದ, ಬರುವಾಗ ಮಂಗಳಮ್ಮನ ಮುಂದೆಯೇ ಹಾದು ಹೋದ, ತಿರುಗಿ ನೋಡಲಿಲ್ಲ.

ಅಲ್ಲಿಂದಾಚೆಗೆ ಸೋಮವಾರ ಎಂದರೆ ಖಾನಾವಳಿಗೆ ಬೀಗ. ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಯಾರಿಗಾದರೂ ಆ ಔಷಧಿ ಬರೆದಿದ್ದಾರೆ ಎಂದು ಕಸ್ತೂರಮ್ಮ ತಿಳಿಸಿದರೆ ಮಂಗಳಮ್ಮ ಅವರ ಮನೆಗೆ ಹೋಗಿ ಸೋಮವಾರಕ್ಕೆ ಒಪ್ಪಿಸುತ್ತಿದ್ದಳು. ಕೆಲವರು ಬಾಗಿಲಲ್ಲೇ ಬೈದು ಕಳಿಸಿದರು. ಗಂಡನ್ನ ತಿಂದೋಳು ಎಂದವರೂ ಇದ್ದರು, ಆ ಮಾತು ಎಲ್ಲಿಂದ ಹೊರಟಿತು ಎಂದು ಅವಳಿಗೆ ಗೊತ್ತಿತ್ತು, ಹೊರಡಿಸಿದವಳು ತಾನೇ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಅವಳದು ಅರ್ಧ ಬಾಟ್ಲಿಗೆ ಹೋಗಿತ್ತು. ಎಲ್ಲರೂ ಬದುಕಿದರು ಎಂದಲ್ಲ, ಹೆಚ್ಚಿನವರು ಬದುಕಲಿಲ್ಲ. ಆದರೆ ಖರ್ಚಿಗೆ ಹೆದರಿ ನಡುವೆ ಬಿಟ್ಟವರು ಕಡಿಮೆಯಾದರು, ಬಕೆಟ್ಟಿಗೆ ಬೀಳುವುದೂ ಕಡಿಮೆಯಾಯಿತು. ಚಮನಬಿ ಒಂದು ರಂಜಾನ್ ಕಂಡಳು. ಇನ್ನೊಂದು ರಂಜಾನ್ ಹೊತ್ತಿಗೆ ತೀರಿಕೊಂಡಳು.

ಜಮಾಲ್ ಕಲಾಯಿಗೆ ಬರುವುದನ್ನು ನಿಲ್ಲಿಸಿದ್ದ. ಪಾತ್ರೆಗಳ ತವರ ಸವೆದು ಹಿತ್ತಾಳೆ ಕಾಣತೊಡಗಿತು. ಬೇರೆ ಕಲಾಯಿಯವರು ಬಂದು ಕೇಳಿದರೆ ಮಂಗಳಮ್ಮ ಕೊಡಲಿಲ್ಲ. ಅಲ್ಯೂಮಿನಿಯಂ ಪಾತ್ರೆಯಲ್ಲೇ ಅಡಿಗೆ ಮಾಡಿದಳು.

ಚಮನಬಿ ಹೋದ ಮೇಲಿನ ಮಾಗಿಯಲ್ಲಿ ಒಂದು ಬೆಳಿಗ್ಗೆ ಹಿತ್ತಲಲ್ಲಿ ತಿದಿಯ ಸದ್ದು ಕೇಳಿತು. ಜಮಾಲ್ ಪಾತ್ರೆ ಕಾಯಿಸುತ್ತಿದ್ದ. ಕೆಲಸ ಮುಗಿದ ಮೇಲೆ ಎಂದಿನಂತೆ ಹಿತ್ತಲ ಕಟ್ಟೆಯ ಮೇಲೆ ಕೂತ. ಮಂಗಳಮ್ಮ ಬಾಗಿಲಿಗೆ ಬಂದು, "ಒಳಗೆ ಬಾರಪ್ಪಾ" ಎಂದಳು. ಗಿರಾಕಿಗಳು ಉಣ್ಣುವ ಸಾಲಿನಲ್ಲಿ ಕೂರಿಸಿ, ಸ್ಟೀಲ್ ತಟ್ಟೆಯಲ್ಲಿ ಬಡಿಸಿದಳು. ತನಗೂ ಒಂದು ತಟ್ಟೆ ಇಟ್ಟುಕೊಂಡು ಎದುರಿಗೆ ಕೂತಳು.

ಜಮಾಲ್ ಒಂದು ಅಗುಳು ಬಿಡದೆ ಉಂಡ. ಆಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ಎತ್ತಿ ಕುಡಿದ. "ನಿಮ್ಮಾಗೆ ಹಿಂಗೇ ಅಲ್ವೇನಮ್ಮಾ? ಎಷ್ಟು ವರ್ಷ ಹಿತ್ತಲಾಗಿಂದ ನೋಡೀನಿ" ಎಂದ.

ಮಂಗಳಮ್ಮ ತನ್ನ ತಟ್ಟೆಗೂ ನೀರು ಹಾಕಿದಳು. ಬೆರಳಾಡಿಸಿದಳು. ನೀರು ಸಾರಿನ ಅರಿಸಿನಕ್ಕೆ ತೆಳ್ಳಗೆ ಹಳದಿಯಾಯಿತು. ಎರಡೂ ಕೈಯಲ್ಲಿ ತಟ್ಟೆ ಎತ್ತಿ ತುಟಿಯವರೆಗೆ ತಂದವಳು ಹಾಗೇ ಹಿಡಿದುಕೊಂಡು ಕೂತಳು. ಜಮಾಲ್ ಎದ್ದು ಬಂದು ಅವಳ ಕೈಯಿಂದ ತಟ್ಟೆ ಇಸಿದುಕೊಂಡು, ಬಚ್ಚಲಿಗೆ ಚೆಲ್ಲಿ ಬಂದ.